ಸುಳಿ ಇಲ್ಲದ ನದಿ

ಅಕ್ಕುತಾಯಿ ಕಬ್ಬೂರ ಶಾಲೆಯಲ್ಲಿ ಶಿಕ್ಷಕಿ. ನಾಮದೇವ ಚಿಕ್ಕೋಡಿ-ಯಡೂರು ಬಸ್ಸಿನ ಕಂಡಕ್ಟರ್. ಗುರಪ್ಪ ಇಬ್ಬರಿಗಿಂತ ಹಿರಿಯ, ಚಿಕ್ಕೋಡಿಯ ಪೋಸ್ಟ್‌ಮನ್. ಜಾತಿ, ಓಣಿ, ಬಳಗ ಯಾವುದರಿಂದಲೂ ಅವರು ಒಂದೆಡೆ ಸೇರಬೇಕಾದವರಲ್ಲ. ಸೇರಿಸಿದ್ದು ಒಂದು ಆಟ.

ಅದರ ಹೆಸರು ‘ನದಿ ದಾಟು’. ನಿಪ್ಪಾಣಿಯಲ್ಲಿ ಬೀಡಿ ಲೇಬಲ್ ಅಚ್ಚು ಹಾಕುತ್ತಿದ್ದ ರಾವಸಾಹೇಬರು ೧೯೮೧ರ ಮಳೆಗಾಲದಲ್ಲಿ, ಮಶೀನು ಖಾಲಿ ಬಿದ್ದಿದ್ದಾಗ, ತಾವೇ ಗೆರೆ ಎಳೆದು ಮಾಡಿದ ಆಟ. ಹಲಗೆಯ ತುಂಬ ಕೃಷ್ಣಾ ನದಿ. ನಾಲ್ಕು ಮಂದಿಗೆ ನಾಲ್ಕು ದೋಣಿ. ಕವಡೆ ಎಸೆದು ಮನೆ ಎಣಿಸುತ್ತ ಆಚೆ ದಡ ಮುಟ್ಟಬೇಕು. ಕಪ್ಪು ಮನೆಗೆ ಬಂದವರು ಒಂದು ಚೀಟಿ ಎತ್ತಬೇಕು. ನಲವತ್ತು ಚೀಟಿಗಳಲ್ಲಿ ಮೂರರ ಮೇಲೆ ‘ಸುಳಿ’ ಎಂದಿರುತ್ತಿತ್ತು. ಅದನ್ನು ಎತ್ತಿದವರ ದೋಣಿ ಮುಳುಗಿತು, ಅವರ ಆಟ ಮುಗಿಯಿತು.

ಭಾನುವಾರ ಊಟವಾದ ಮೇಲೆ ಚಿಕ್ಕೋಡಿಯಲ್ಲಿ ಅಕ್ಕುತಾಯಿಯ ಮನೆಯ ಪಡಸಾಲೆಯಲ್ಲಿ ಹಲಗೆ ಹಾಸಿದರೆ ಸಂಜೆ ದೀಪ ಹಚ್ಚುವವರೆಗೆ ಯಾರೂ ಏಳುತ್ತಿರಲಿಲ್ಲ. ನಾಲ್ಕನೆಯ ದೋಣಿಗೆ ಪಕ್ಕದ ಮನೆಯ ಕಾಶಿಬಾಯಿ ಬರುತ್ತಿದ್ದಳು. ಸುಳಿ ಹೆಚ್ಚಾಗಿ ಬೀಳುತ್ತಿದ್ದದ್ದು ನಾಮದೇವನಿಗೆ.

“ದಂಡಿ ಕೈಗೆ ಸಿಕ್ಕಿರತೈತಿ, ಅಷ್ಟ್ರಾಗ ಒಂದ ಚೀಟಿಗೆ ಮುಳಗೂದಂದ್ರ ಇದೇನ್ ನ್ಯಾಯ ಬಾಯಾರ?” ಎಂದು ಅವನು ಪ್ರತಿ ಸಲ ಸಿಡುಕುತ್ತಿದ್ದ.

“ರಾವಸಾಹೇಬ್ರಿಗೆ ಬರೀರಿ,” ಎನ್ನುತ್ತಿದ್ದಳು ಅಕ್ಕುತಾಯಿ. ಮೂವರ ಪರವಾಗಿ ಬರೆಯುತ್ತಿದ್ದವಳು ಅವಳೇ. ರಟ್ಟು ತೆಳುವಾಯಿತು, ದೋಣಿಗಳು ಕಟ್ಟಿಗೆಯವು ಇರಲಿ, ನಿಯಮದ ಹಾಳೆಯ ಮರಾಠಿ ಬದಿಯಲ್ಲಿ ಎರಡು ತಪ್ಪುಗಳಿವೆ, ಸುಳಿಯನ್ನು ತೆಗೆಯಿರಿ. ಹನ್ನೊಂದು ವರ್ಷ ಹೀಗೇ ಬರೆದರು. ನಿಪ್ಪಾಣಿಯಿಂದ ಕಾರ್ಡು ಬರುತ್ತಿತ್ತು: ‘ಪತ್ರ ಮುಟ್ಟಿತು. ಆಡುವುದನ್ನು ಬಿಟ್ಟಿಲ್ಲವಲ್ಲ, ಸಂತೋಷ.’ ಗುರಪ್ಪ ಆ ಕಾರ್ಡನ್ನು ಬಟವಾಡೆಯ ಚೀಲದಿಂದ ತೆಗೆದು ಮೊದಲು ತಾನೇ ಓದಿ, ನಗುತ್ತ ತಂದುಕೊಡುತ್ತಿದ್ದ.

೧೯೯೨ರಲ್ಲಿ ಬಂದ ಕಾರ್ಡಿನ ಅಕ್ಷರ ಬೇರೆಯಾಗಿತ್ತು. ರಾವಸಾಹೇಬರ ಹೆಂಡತಿ ಪದ್ಮವ್ವ ಬರೆಸಿದ್ದರು, ಮೂವರೂ ಒಮ್ಮೆ ಬಂದು ಹೋಗಿರೆಂದು.

ರಾವಸಾಹೇಬರಿಗೆ ಲಕ್ವಾ ಹೊಡೆದಿತ್ತು. ಮಾತು ಹೋಗಿತ್ತು. ಎಡಗೈ ಮಾತ್ರ ಆಡುತ್ತಿತ್ತು.

“ಲೇಬಲ್ ಕೆಲಸ ಮೈದುನನ ಮಕ್ಳು ನೋಡ್ತಾರ,” ಎಂದರು ಪದ್ಮವ್ವ. “ಆಟದ್ದು ಯಾರಿಗೂ ಬ್ಯಾಡಾಗೇತ್ರಿ. ನಿಮ್ಮ ಪತ್ರ ಎಲ್ಲಾ ಇವರು ಟ್ರಂಕಿನ್ಯಾಗ ಇಟ್ಟಾರ. ಹೆಂಗ್ ಮಾಡಬೇಕು ಅಂತ ಹನ್ನೊಂದ ವರ್ಷ ಹೇಳೀರಿ. ಇನ್ನ ನೀವ ನಡಸ್ರಿ.”

ಹಾಸಿಗೆಯ ಮೇಲಿಂದ ರಾವಸಾಹೇಬರು ತಲೆಯಾಡಿಸಿದರು. ಮರಳಿ ಬರುವಾಗ ಬಸ್ಸಿನಲ್ಲಿ ನಾಮದೇವ ಸೀಟಿನ ಮೇಲೆ ಕೂರಲೇ ಇಲ್ಲ. ರಜೆಯ ದಿನವೂ ಕಂಡಕ್ಟರನಂತೆ ಕಂಬ ಹಿಡಿದು ನಿಂತು, ದಪ್ಪ ರಟ್ಟು, ಯಡೂರಿನ ಬಡಿಗನಿಂದ ದೋಣಿ, ಒಳ್ಳೆಯ ಕವಡೆ ಎಂದು ಒಂದೇ ಸಮನೆ ಮಾತಾಡಿದ.

ಎಲ್ಲವೂ ಅವರು ಹೇಳಿಕೊಂಡಂತೆಯೇ ಆಯಿತು. ಬಡಿಗ ವಿಠೋಬಾ ಬೇವಿನ ಕಟ್ಟಿಗೆಯಲ್ಲಿ ದೋಣಿ ಕಡೆದುಕೊಟ್ಟ. ಅಕ್ಕುತಾಯಿ ಮರಾಠಿ ತಿದ್ದಿದಳು. ಉಳಿದದ್ದು ಸುಳಿ. ಅದನ್ನೆತ್ತಿದವರು ಮುಳುಗುವುದು ಬೇಡ, ಮೂರು ಮನೆ ಹಿಂದಕ್ಕೆ ಹೋದರೆ ಸಾಕು, ಚೀಟಿಯ ಹೆಸರೂ ‘ಎದುರುಗಾಳಿ’ ಆಗಲಿ ಎಂದ ನಾಮದೇವ.

ಗುರಪ್ಪ ಮೊದಲ ಸಲ ದನಿ ಏರಿಸಿದ. “ಬ್ಯಾಡೋ ನಾಮದೇವ. ಅದನ್ನ ತಗದ್ರ ನದಿ ಎಲ್ಲಿ ಉಳೀತು?”

“ಕಾಕಾ, ಮುಳಗಿ ಸುಮ್ನ ಕುಂತಾಂವಗ ಗೊತ್ತದ ಸಂಕಟ. ನಿಮಗೇನ್ ಗೊತ್ತು?”

“ಪತ್ರ ಬರಿಯೂಮುಂದ ನಾನೂ ಬ್ಯಾಡ ಅಂದಿಲ್ಲ. ರಾವಸಾಹೇಬ್ರು ತಗೀಲಿಕ್ಕಿಲ್ಲ ಅನ್ನೂ ಧೈರ್ಯ ಇತ್ತು.”

ಇಬ್ಬರೂ ಅಕ್ಕುತಾಯಿಯ ಕಡೆ ನೋಡಿದರು. ಅವಳಿಗೆ ತರಗತಿಯಲ್ಲಿ ಸೋತು ಅಳುವ ಮಕ್ಕಳ ಮುಖಗಳು ನೆನಪಾದವು. “ತಗೀಲಿ ಬಿಡ್ರಿ ಕಾಕಾ,” ಎಂದಳು.

ಆಟದ ಐನೂರು ಡಬ್ಬಿ ಸಿದ್ಧವಾದವು. ಮೊದಲನೆಯದನ್ನು ರಾವಸಾಹೇಬರ ಹಾಸಿಗೆಯ ಮೇಲೆ ಬಿಚ್ಚಿಟ್ಟರು. ಅವರು ಕಟ್ಟಿಗೆಯ ದೋಣಿಯನ್ನು ಬೆರಳಿನಿಂದ ಸವರಿದರು. ಹಲಗೆಯ ದಪ್ಪ ಮುಟ್ಟಿ ನೋಡಿದರು. ಆಮೇಲೆ ಚೀಟಿಯ ಕಟ್ಟು ತೆಗೆದುಕೊಂಡು ಎಡಗೈಯಿಂದ ಒಂದೊಂದಾಗಿ ಮಗುಚತೊಡಗಿದರು. ನಲವತ್ತೂ ಮುಗಿದವು. ಮತ್ತೆ ಮೊದಲಿನಿಂದ ಮಗುಚಿದರು.

“ಏನ ಬೇಕ್ರಿ?” ಎಂದು ಪದ್ಮವ್ವ ಬಾಗಿ ಕೇಳಿದರು.

“ಸುಳಿ ಹುಡಕಾಕತ್ತಾರ್ರಿ ವೈನಿ,” ಎಂದ ಗುರಪ್ಪ. ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಮರುದಿನದಿಂದ ಟಪಾಲು ಕೊಡಲು ಅಕ್ಕುತಾಯಿಯ ಬಾಗಿಲಿಗೆ ಬಂದರೂ ಒಳಗೆ ಬರಲಿಲ್ಲ.

ಅಂಗಡಿಯವರು ಡಬ್ಬಿ ನೋಡಿ ಚಲೋ ಐತಿ ಎಂದರು. ನಿಪ್ಪಾಣಿ, ರಾಯಬಾಗ, ಅಥಣಿಯಲ್ಲಿ ಇಟ್ಟುಕೊಂಡರು. ಒಂದು ಶನಿವಾರ ಅಕ್ಕುತಾಯಿ ಶಾಲೆಗೂ ಒಂದು ಡಬ್ಬಿ ಒಯ್ದು ಐದನೆಯ ತರಗತಿಗೆ ಕೊಟ್ಟಳು. ಮಕ್ಕಳು ಮುಗಿಬಿದ್ದು ಕೂತರು. ಸ್ವಲ್ಪ ಹೊತ್ತಿಗೆ ಗದ್ದಲ ಇಳಿಯಿತು. ಹಿಂದೆ ಬಿದ್ದವನಿಗೆ ಭಯವಿರಲಿಲ್ಲ, ಮುಂದೆ ಇದ್ದವಳಿಗೂ ಇರಲಿಲ್ಲ. ಎಲ್ಲರ ದೋಣಿಯೂ ಹೇಗಿದ್ದರೂ ದಡಕ್ಕೆ ಬರುವುದೇ. ಘಂಟೆ ಹೊಡೆಯುವ ಮೊದಲೇ ಒಬ್ಬೊಬ್ಬರಾಗಿ ಎದ್ದು ಅಂಗಳಕ್ಕೆ ಓಡಿದರು. ಯಾರೂ ಅಳಲಿಲ್ಲ. ಅಕ್ಕುತಾಯಿ ಖಾಲಿ ತರಗತಿಯಲ್ಲಿ ಕುಳಿತು, ನಡುನೀರಿನಲ್ಲಿ ಬಿಟ್ಟುಹೋದ ನಾಲ್ಕು ದೋಣಿಗಳನ್ನು ನೋಡುತ್ತಿದ್ದಳು. ತಾವು ಏನು ಮಾಡಿದೆವೆಂದು ಅವಳಿಗೆ ಆಗ ತಿಳಿಯಿತು.

ನಾಮದೇವ ಒಪ್ಪಲಿಲ್ಲ. ಮಕ್ಕಳಿಗೆ ಆಡಲು ಬರುವುದಿಲ್ಲ ಎಂದ, ಅಂಗಡಿಯವರು ಸರಿಯಾಗಿ ಹೇಳಿಕೊಡುವುದಿಲ್ಲ ಎಂದ. ಎರಡು ತಿಂಗಳಾದ ಮೇಲೆ ತಾನೇ ಬಂದು, ಅವಳ ಮುಖ ನೋಡದೆ, “ಸುಳಿ ಮತ್ತ ಹಾಕೂಣ್ರಿ,” ಎಂದ.

ಡಬ್ಬಿಗೆ ಮೂರರಂತೆ ಸುಳಿಯ ಚೀಟಿ ಬೇರೆ ಅಚ್ಚು ಹಾಕಿಸಿ, ಚೀಲದಲ್ಲಿ ತುಂಬಿಕೊಂಡು ಇಬ್ಬರೂ ಅಂಗಡಿ ಅಂಗಡಿ ತಿರುಗಿದರು. ಅಥಣಿಯಲ್ಲಿ ಬಾಳಾಸಾಬ ಎಂಬ ಅಂಗಡಿಯವ ಮೇಲಿನ ಗೂಡಿನಿಂದ ಡಬ್ಬಿಗಳನ್ನು ಇಳಿಸಿ, ಧೂಳು ಜಾಡಿಸಿ ಮುಂದಿಟ್ಟ.

“ಹಾಕ್ರಿ ಬಾಯಾರ, ಬ್ಯಾಡ ಅನ್ನೂದಿಲ್ಲ. ಆದ್ರ ಒಯ್ಯಾಂವ ಯಾಂವ?” ಎಂದು ಎದುರು ಅಂಗಡಿಯತ್ತ ಗದ್ದ ಎತ್ತಿದ. ಅಲ್ಲಿ ಹೊಸದಾಗಿ ವಿಡಿಯೋ ಗೇಮ್ ತಂದಿದ್ದರು. ಟೀವಿಯ ಮುಂದೆ ಹುಡುಗರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಪ್ರತಿ ಎರಡು ನಿಮಿಷಕ್ಕೆ ಪರದೆಯ ಮೇಲೆ ಒಬ್ಬ ಸಾಯುತ್ತಿದ್ದ, ಎಲ್ಲರೂ ಹೋ ಎನ್ನುತ್ತಿದ್ದರು.

ನಾಮದೇವ ಆದರೂ ಒಂದೊಂದು ಡಬ್ಬಿಯನ್ನೂ ಬಿಚ್ಚಿ ಚೀಟಿ ಹಾಕಿ ಮುಚ್ಚಿದ. ಅಕ್ಕುತಾಯಿ ಚೀಟಿಗಳನ್ನು ಮೂರು ಮೂರಾಗಿ ಎಣಿಸಿ ಅವನ ಕೈಗೆ ಕೊಟ್ಟಳು.

ಮರುದಿನ ಭಾನುವಾರ. ಅವರು ಹಲಗೆ ಹಾಸಿದರು. ಕಾಶಿಬಾಯಿ ಮಗಳ ಊರಿಗೆ ಹೋಗಿ ಅಲ್ಲೇ ನಿಂತಿದ್ದಳು. ಗುರಪ್ಪನಿಗೆ ಹೇಳಿಕಳಿಸಿದರು, ಬರಲಿಲ್ಲ. ಇಬ್ಬರೇ ಕವಡೆ ಎಸೆದರು. ಆರನೆಯ ಸರದಿಗೆ ನಾಮದೇವನಿಗೆ ಸುಳಿ ಬಂತು. ಇಬ್ಬರ ಆಟದಲ್ಲಿ ಒಬ್ಬ ಮುಳುಗಿದ ಮೇಲೆ ಆಡಲು ಏನೂ ಉಳಿಯುವುದಿಲ್ಲ. ಅವನು ಈ ಸಲ ಸಿಡುಕಲಿಲ್ಲ.

“ಆತಲ್ರಿ,” ಎಂದು ಎದ್ದ. ಹೊರಗೆ ಇನ್ನೂ ಬಿಸಿಲಿತ್ತು.

೧೯೯೪ರ ಬೇಸಿಗೆಯಲ್ಲಿ ರಾವಸಾಹೇಬರು ತೀರಿಕೊಂಡರು. ಆಟದ ಡಬ್ಬಿ ಇಟ್ಟಿದ್ದ ಕೋಣೆ ತಂಬಾಕಿನ ಮೂಟೆಗಳನ್ನು ಇಡಲು ಬೇಕೆಂದರು ಮೈದುನನ ಮಕ್ಕಳು. ಪದ್ಮವ್ವ ಕೀಲಿ ಕೊಟ್ಟರು. ಅಂಗಡಿಗಳಿಂದ ಮರಳಿ ಬಂದ ಡಬ್ಬಿಗಳನ್ನು ರದ್ದಿಯವ ತಕ್ಕಡಿಗೆ ಹಾಕುವಾಗ ಕಟ್ಟಿಗೆ ಬೇಡವೆಂದ. ದೋಣಿಗಳನ್ನು ಆರಿಸಿ ತೆಗೆಯಬೇಕಾಯಿತು. ಅಕ್ಕುತಾಯಿ ಮತ್ತು ನಾಮದೇವ ನೆಲದ ಮೇಲೆ ಕೂತು ಸಂಜೆಯವರೆಗೆ ಅದನ್ನೇ ಮಾಡಿದರು. ಆ ವರ್ಷವೇ ನಾಮದೇವನಿಗೆ ಬೇರೆ ಡಿಪೋಗೆ ವರ್ಗವಾಯಿತು.

ಮೂರು ವರ್ಷದ ನಂತರ ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಅಕ್ಕುತಾಯಿಗೆ ಗುರಪ್ಪ ಸಿಕ್ಕ. ನಿವೃತ್ತನಾಗಿದ್ದ, ಮೊಣಕಾಲು ನೋವೆಂದ.

“ಒಂದಿನ ಬರ್ರಿ ಕಾಕಾ, ಮನಿಗೆ.”

“ಬರ್ತೇನ ತಂಗಿ. ಬಂದ್ರ ಏನ್ ಮಾಡೂದೈತಿ?”

ಅಷ್ಟರಲ್ಲಿ ಕಾಗವಾಡದ ಬಸ್ಸು ಬಂತು. ಗುರಪ್ಪ ಬಾಗಿಲ ಹಿಡಿಕೆ ಹಿಡಿದು, ಮೊದಲು ಒಂದು ಕಾಲು, ಸುಧಾರಿಸಿಕೊಂಡು ಇನ್ನೊಂದು ಕಾಲು ಇಟ್ಟು ಹತ್ತಿದ. ಅವನಿಗೆ ಸೀಟು ಸಿಕ್ಕಿತೋ ಇಲ್ಲವೋ, ಜನರ ನಡುವೆ ಅವಳಿಗೆ ಕಾಣಲಿಲ್ಲ.