ಸೈರನ್ ಶ್ರುತಿಯ ರೂಪೇಶ

ರೂಪೇಶನ ಎಡ ಹೆಗಲು ಬಲ ಹೆಗಲಿಗಿಂತ ನಾಲ್ಕು ಬೆರಳು ತಗ್ಗಿನಲ್ಲಿದೆ. ಗಿಟಾರಿನ ಪಟ್ಟಿ ಜಗ್ಗಿ ಜಗ್ಗಿ ಬಂದ ಅವಸ್ಥೆ; ಬರಿಗೈಯಲ್ಲಿ ಸಂತೆಗೆ ಬಂದರೂ ಅದೃಶ್ಯ ವಾದ್ಯವೊಂದನ್ನು ಹೊತ್ತವನಂತೆ ವಾಲಿಕೊಂಡೇ ನಡೆಯುತ್ತಾನೆ, ಎದುರಾದ ಸೈಕಲ್ಲುಗಳು ಆ ವಾದ್ಯಕ್ಕೂ ಜಾಗ ಬಿಟ್ಟು ಸರಿಯುತ್ತವೆ. ಮೈಮೇಲೆ ಸದಾ ಕರಿ ಚರ್ಮದ ಜಾಕೀಟು. ಭದ್ರಾವತಿಯ ಏಪ್ರಿಲ್ ಬಿಸಿಲಿಗೆ ಡಾಂಬರು ಕರಗಿ ಚಪ್ಪಲಿಗೆ ಮೆತ್ತುವಾಗಲೂ ಅದು ಇಳಿಯದು; ಒಳಗಿನ ಬೆವರಿನಲ್ಲಿ ಒಂದೆಕರೆ ಭತ್ತ ನಾಟಿ ಮಾಡಬಹುದೆಂದು ನನ್ನ ಅಂದಾಜು.

ನ್ಯೂ ಟೌನಿನ ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸಿನ ಗೆಳೆಯರನ್ನು ಕೂಡಿಸಿ ಅವನು ಕಟ್ಟಿದ ಹಾರ್ಡ್ ರಾಕ್ ತಂಡದ ಹೆಸರು ‘ಕುಲುಮೆ’. ಮೊದಲ ಕಛೇರಿ ಗಣಪತಿ ಪೆಂಡಾಲಿನಲ್ಲಿ. ಭಕ್ತಿಗೀತೆಗೆಂದು ಕಾದು ಕೂತ ಹಿರಿಯರ ಮುಂದೆ ಡ್ರಮ್ಮಿನ ಮೊದಲ ಏಟು ಬಿದ್ದಾಗ ತಟ್ಟೆಯ ಮೋದಕಗಳು ಗೇಣುದ್ದ ಮೇಲೆದ್ದವು; ಗಣಪತಿ ತಾನಾಗಿಯೇ ಹೊಳೆಯ ದಾರಿ ವಿಚಾರಿಸಿದನೆಂಬ ವದಂತಿಯೂ ಇದೆ. ಆದರೂ ಮರುವರ್ಷ ಅದೇ ಹಿರಿಯರು, “ಆ ಗದ್ಲದ ಹುಡುಗ್ರನ್ನೇ ಕರೀರಿ ಮಾರಾಯ್ರೇ, ಅವರಿಲ್ದಿದ್ರೆ ಹಬ್ಬ ಸಪ್ಪೆ” ಎಂದರು.

ತಂಡದ ಕಂಠ ಪ್ರಿಯದರ್ಶಿನಿ. ಹಗಲು ನವುಲೆಯ ಕೃಷಿ ಕಾಲೇಜಿನಲ್ಲಿ ಮಣ್ಣು ಪರೀಕ್ಷೆಯ ಕೆಲಸ, ಸಂಜೆ ಹಾಡು. ಅವಳೇ ಬರೆದ ಹಾಡುಗಳು ಪೆಂಡಾಲು ದಾಟಿ ಹೋಗಿರಲಿಲ್ಲ. ಶಿವಮೊಗ್ಗದ ಸ್ಪರ್ಧೆಯಲ್ಲಿ ಗೆದ್ದವರ ಹಾಡನ್ನು ಸ್ಟುಡಿಯೋದಲ್ಲಿ ಧ್ವನಿಮುದ್ರಿಸುತ್ತಾರೆಂದು ಕೇಳಿ, “ಇದೂ ಆಗ್ಲಿಲ್ಲ ಅಂದ್ರೆ ನಾನು ಮೈಕ್ ಕೆಳಗಿಡ್ತೀನಿ” ಎಂದುಬಿಟ್ಟಳು.

ಅಲ್ಲಿ ಬಯಲಾಯಿತು ರೂಪೇಶನ ಪರಮ ಹಠ. ಬಾಲ್ಯದಿಂದಲೂ ಅವನು ತಂತಿಗಳನ್ನು ಶ್ರುತಿ ಮಾಡಿದ್ದು ಕಾರ್ಖಾನೆಯ ಸೈರನ್ನಿಗೆ. ತಂಡದವರೆಲ್ಲ ಅದೇ ಸೈರನ್ನಿಗೆ ಎದ್ದು, ಉಂಡು, ಬೆಳೆದವರು. ಲೋಕದ ಶ್ರುತಿಗಿಂತ ತಾವು ಕೂದಲೆಳೆಯಷ್ಟು ಕೆಳಗಿದ್ದೇವೆಂದು ಯಾರಿಗೂ ಹೊಳೆದಿರಲಿಲ್ಲ. ಸ್ಪರ್ಧೆಯಲ್ಲಾದರೋ ಆಯೋಜಕರ ಕೀಬೋರ್ಡಿನ ಜೊತೆ ನುಡಿಸಬೇಕು. ಸ್ಪರ್ಧೆಯ ದಿನ ಬೆಳಗಿನ ತಾಲೀಮಿನಲ್ಲಿ ಎರಡೂ ಕೂಡಿ ಎದ್ದ ನಾದಕ್ಕೆ ಶಿವಮೊಗ್ಗದ ಕೋಟೆ ಬೀದಿಯ ಹಸುಗಳು ತುಂಗೆ ದಾಟಿದವು.

“ಸ್ವಲ್ಪ ಏರಿಸ್ಕೊಳ್ಳಿ ಸಾರ್,” ಎಂದ ಕೀಬೋರ್ಡಿನ ವೀರೇಂದ್ರ.

“ನಮ್ದು ಸರಿಯಾಗೇ ಇದೆ. ನಿಮ್ಮ ಪೆಟ್ಟಿಗೆ ಇಳಿಸ್ರಿ.”

“ಇಡೀ ಪ್ರಪಂಚ ಇದೇ ಶ್ರುತೀಲಿ ಇದೆ ಸಾರ್!”

“ಪ್ರಪಂಚಾನ ಒಂದ್ಸಲ ಭದ್ರಾವತಿಗೆ ಕರ್ಕೊಂಡ್ ಬನ್ನಿ, ಸರಿಮಾಡಿ ಕಳಿಸ್ತೀನಿ.”

ಎರಡು ಶ್ರುತಿಗಳ ನಡುವೆ ಒದ್ದಾಡಿದ ಪ್ರಿಯದರ್ಶಿನಿಯ ದನಿ ಒಡೆದಿತ್ತು. ಗಂಟಲು ಹಿಡಿದು ಮೆಟ್ಟಿಲ ಮೇಲೆ ಕೂತವಳು ಕೇಳಿದ್ದು ಇಷ್ಟೇ: “ನೀನೇ ಸರಿ ಮಾರಾಯ. ಆದ್ರೆ ನಾನು ಯಾರ ಜೊತೆ ಹಾಡ್ಲಿ, ಹೇಳು?”

ಯಾರ ಮಾತಿಗೂ ಜಗ್ಗದ ಆಸಾಮಿ ತಲೆ ತಗ್ಗಿಸಿ, ವೀರೇಂದ್ರನ ಪಕ್ಕಕ್ಕೇ ಹೋಗಿ ಕಿವಿಗೊಟ್ಟು, ಒಂದೊಂದೇ ಬಿರಡೆ ತಿರುಗಿಸಿ ತಂತಿಗಳ ಶ್ರುತಿ ಏರಿಸಿದ. ಹಳೆಯ ತಂತಿಯೊಂದು ಪಟ್ಟನೆ ಹರಿದು ಕೆನ್ನೆ ಗೀರಿತು. ಉಳಿದ ಐದರಲ್ಲೇ ನುಡಿಸಿದ. ಅಂದು ಸಂಜೆ ಸ್ಪರ್ಧೆಯಲ್ಲಿ ಅವಳು ಹಾಡಿದ ರಭಸಕ್ಕೆ ಸಭಾಂಗಣದ ಫ್ಯಾನುಗಳು ಹಿಮ್ಮುಖವಾಗಿ ತಿರುಗಿದವೆಂದರೆ ನೀವು ನಂಬುವುದಿಲ್ಲ. ಮೊದಲ ಬಹುಮಾನ ಬೇರೆಯವರಿಗೆ ಹೋಯಿತೆಂದರೆ ನಂಬುತ್ತೀರಿ. ವಾಪಸಾಗುವ ಬಸ್ಸಿನಲ್ಲಿ ಅವನು ಕಿಟಕಿಯತ್ತ ಮುಖ ಮಾಡಿ ಕೂತಿದ್ದಾಗ ಅವಳೆಂದಳು: “ಹೊಸ ತಂತಿ ಹಾಕ್ಸು. ಭಾನುವಾರ ಪ್ರಾಕ್ಟೀಸಿಗೆ ಬರ್ತೀನಿ.”

ಗಟ್ಟಿಯಾಗಿ ನುಡಿಸುವವರಿಗೆ ಕಿವಿ ಮಂದವೆಂದು ನಾವು ಮೆಲುದನಿಯ ಜನ ಸುಲಭವಾಗಿ ತೀರ್ಮಾನಿಸುತ್ತೇವೆ. ಊರು ನಡುಗಿಸುವ ಈ ಬಗೆಯವರು ಸರಿಯೆನ್ನಿಸಿಕೊಳ್ಳುವ ಸುಖವನ್ನೇ ಬಿಟ್ಟುಕೊಟ್ಟು ಪಕ್ಕದವರ ಕಂಠ ಉಳಿಸುತ್ತಾರೆ. ಅಷ್ಟು ಮಾಡಿ, ಅದರ ಬಗ್ಗೆ ಮಾತ್ರ ಒಂದು ಸದ್ದೂ ಮಾಡುವುದಿಲ್ಲ.