ಕುಷ್ಟನ ರಕ್ತದ ಐವತ್ತೆರಡು ಮಿಲಿಗ್ರಾಂ

ಹಂಗಾರಕಟ್ಟೆಯ ಸಾರ್ವಜನಿಕ ಬದುಕಿಗೆ ಸಂಬಂಧಿಸಿದ ಅತ್ಯಂತ ಗಂಭೀರವಾದ ಸಂಗತಿಯೊಂದನ್ನು ಮೊದಲಿಗೇ ದಾಖಲಿಸಬೇಕಾಗಿದೆ. ತಾಂಡೇಲ ಕುಷ್ಟ ಸೋಡಾವನ್ನು ಬಾಟಲಿ ಎತ್ತಿ ಕುಡಿಯುತ್ತಿರಲಿಲ್ಲ. ಗ್ಲಾಸಿಗೆ ಸುರಿದು ಕುಡಿಯುತ್ತಿದ್ದ.

ತಾಂಡೇಲನೆಂದರೆ ದೋಣಿಯ ಚುಕ್ಕಾಣಿ ಹಿಡಿಯುವವನು, ನೀರಿನ ಬಣ್ಣ ನೋಡಿ ಮೀನು ಎಲ್ಲಿದೆಯೆಂದು ಹೇಳುವವನು ಮತ್ತು ಶನಿವಾರ ಸಂಜೆ ತನ್ನ ಆಳುಗಳ ಜತೆ ಗಡಂಗಿನಲ್ಲಿ ಕಳ್ಳಿಗೆ ಕೂರುವವನು. ಈ ಮೂರನೆಯದನ್ನು ತಪ್ಪಿಸಿದವನ ದೋಣಿಗೆ ಮರುದಿನ ಜನ ಹತ್ತುವುದಿಲ್ಲ. ಕುಷ್ಟ ಐದು ವರ್ಷದ ಹಿಂದೊಮ್ಮೆ ಕುಡಿದು ನೀರಿಗೆ ಬಿದ್ದು ಬದುಕಿದ ಮೇಲೆ, ಇನ್ನು ಮುಟ್ಟುವುದಿಲ್ಲವೆಂದು ದೈವದ ಮುಂದೆ ಆಣೆ ಹಾಕಿದ್ದ. ಗಡಂಗಿಗೆ ಹೋಗುವುದಿಲ್ಲವೆಂದು ಹಾಕಿರಲಿಲ್ಲ. ಹಾಗಾಗಿ ಪ್ರತಿ ಶನಿವಾರ ಅದೇ ಬೆಂಚು, ಅದೇ ಗ್ಲಾಸು, ಒಳಗೆ ಸೋಡಾ. ದೂರದಿಂದ ಕಂಡವರಿಗೆ ಗ್ಲಾಸು ಗ್ಲಾಸೇ.

2006ರ ಅಕ್ಟೋಬರಿನ ಒಂದು ಶನಿವಾರ ಅವನು ಹಾಗೆ ಕೂತದ್ದನ್ನು ಇಪ್ಪತ್ತು ಜನ ಕಂಡರು. ಭಾನುವಾರ ಬೆಳಿಗ್ಗೆ, ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ದೋಣಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಕುಷ್ಟ ಬುಧವಾರ ಸಿಕ್ಕಿದ. ಕಾರ್ತಿಕದ ಬಿಸಿಲು, ಮೂರು ದಿನದ ಉಪ್ಪುನೀರು. ಮನೆಯವರಿಗೆ ಮುಖ ತೋರಿಸಲಿಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಪೂಜಿತಾ ಎಂಬ ಹೊಸ ಡಾಕ್ಟರು ಶವಪರೀಕ್ಷೆ ಮಾಡಿ, ಬಾಟಲಿಗಳಿಗೆ ಸೀಲು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಆಮೇಲೆ ಅವರಿಗೆ ಬೈಂದೂರಿನ ಕಡೆ ವರ್ಗವಾಯಿತು.

ವರದಿ ಬಂದದ್ದು ಜನವರಿಯಲ್ಲಿ. ಪರಿಹಾರದ ಅರ್ಜಿಗೆಂದು ಮಗ ರತೀಶ ಠಾಣೆಯಿಂದ ಅದರ ನಕಲು ತಂದ. ಊರಿಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುವ ಹಕ್ಕು ನಿವೃತ್ತ ಗುಣಪಾಲ ಮಾಷ್ಟ್ರದು. ನಲವತ್ತು ವರ್ಷಗಳಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಶಬ್ದವೂ ಊರಿಗೆ ಬಂದಿರಲಿಲ್ಲ. ಅವರು ಕನ್ನಡಕ ಏರಿಸಿ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ರಕ್ತ; ನೂರು ಮಿಲಿಲೀಟರಿಗೆ ಐವತ್ತೆರಡು ಮಿಲಿಗ್ರಾಂ ಆಲ್ಕೊಹಾಲ್. ಎರಡನೆಯ ಸಾಲು, ಹೊಟ್ಟೆಯಲ್ಲಿ ವಿಷವಿಲ್ಲ. ಬೆರಳು ಅಲ್ಲಿಂದ ನೇರ ಸಹಿಗೆ ಹಾರಿತು. ಕಾಗದ ಮಡಚಿ, ಕುಷ್ಟ ಕುಡಿದಿದ್ದ ಎಂದರು.

ಸಂಜೆಯೊಳಗೆ ಸುದ್ದಿ ಬ್ರಹ್ಮಾವರ ಮುಟ್ಟಿತು. ಐದು ವರ್ಷ ಸೋಡಾ ಕುಡಿದವನನ್ನು ಕಂಡು ಮುಜುಗರಪಟ್ಟಿದ್ದವರಿಗೆಲ್ಲ ಒಂದು ಬಗೆಯ ನೆಮ್ಮದಿ ಸಿಕ್ಕಿತು. ಪಕ್ಕದಲ್ಲೇ ಕೂರುತ್ತಿದ್ದ ಸೂರ ಮಾತ್ರ ಅದು ಸೋಡಾವೇ ಎಂದು ಹೇಳುತ್ತ ತಿರುಗಿದ. ಊರಿನ ನ್ಯಾಯ ತೀರ್ಮಾನಿಸುವ ಗುರಿಕಾರ ಪಾಂಡು ಅವನನ್ನು ಕರೆಸಿ, ಆ ಸಂಜೆ ನೀನು ಎಷ್ಟು ಗ್ಲಾಸು ಕುಡಿದಿದ್ದೆ ಎಂದು ಕೇಳಿದ. ಸೂರ ಪ್ರಾಮಾಣಿಕ, ಆರು ಎಂದ. ಅವನ ಸಾಕ್ಷಿ ಅಲ್ಲಿಗೆ ಮುಗಿಯಿತು.

ಗುರಿಕಾರನ ತೀರ್ಮಾನ ಸರಳವಾಗಿತ್ತು. ಆಣೆ ಮುರಿದಿದೆ, ದೋಣಿ ಮಗುಚಿದೆ. ಫೆಬ್ರವರಿಯ ದರ್ಶನದಲ್ಲಿ ಹೆಂಡತಿ ದೈವದ ಮುಂದೆ ನಿಂತು, ಗಂಡನ ಹೆಸರು ಹೇಳಿ, ತಪ್ಪಾಯಿತು ಎಂದು ಕಾಣಿಕೆ ಇಡಬೇಕು. ಅಲ್ಲಿಯವರೆಗೆ ರತೀಶನನ್ನು ಯಾವ ದೋಣಿಗೂ ಹತ್ತಿಸುವುದಿಲ್ಲ.

ಕುಷ್ಟನ ಹೆಂಡತಿ ಅಮ್ಮಣ್ಣಿಗೆ ಕೂತಲ್ಲಿ ಕೂರಲಾಗಲಿಲ್ಲ. ಬುಟ್ಟಿ ಹೊತ್ತು ಮೀನಿಗೆ ಹೋದರೆ ಮಾರುವ ಕೇರಿ ದಾಟಿ ಮುಂದೆ ಹೋಗಿಬಿಡುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬರುತ್ತಿದ್ದಳು. ರತೀಶ ದಿನವಿಡೀ ಹರಿಯದ ಬಲೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದ. ಆ ಸದ್ದಿಲ್ಲದ ಕೆಲಸ ಅವಳಿಗೆ ಕೇಳಿದಂತಾಗುತ್ತಿತ್ತು. ಅವಳಿಗೆ ಓದು ಬರುವುದಿಲ್ಲ. ಆದರೆ ಮೂವತ್ತು ವರ್ಷ ಗಿರಾಕಿಗಳ ಕೈಯನ್ನೇ ಕಂಡವಳು. ಯಾವ ಬೆರಳು ಯಾವ ಮೀನಿನ ಮೇಲೆ ತಡೆಯುತ್ತದೆ, ಯಾವುದನ್ನು ಬಿಟ್ಟು ಹೋಗುತ್ತದೆ ಎಂಬುದರಲ್ಲಿ ಅವಳು ತಪ್ಪಿದ್ದಿಲ್ಲ. ಕಾಗದ ಓದುವಾಗ ಮಾಷ್ಟ್ರ ಬೆರಳು ಹಾರಿದ್ದನ್ನೂ ಅವಳು ಕಂಡಿದ್ದಳು. ಒಂದು ಮಧ್ಯಾಹ್ನ ಮಾಷ್ಟ್ರ ಜಗಲಿಗೆ ಹೋಗಿ ಕಾಗದ ಬಿಚ್ಚಿಟ್ಟಳು.

“ಮಾಷ್ಟ್ರೆ, ಇಲ್ಲ್ ಮೂರ್ ಸಾಲ್ ಇತ್ತ್. ನೀವ್ ಎರ್ಡೇ ಓದದ್ದ್.”

“ಅದ್ ಡಾಕ್ಟ್ರ ಭಾಷಿ. ನಿಮ್ಗ್ ಬ್ಯಾಡ ಅದ್.”

“ನಂಗ್ ಬ್ಯಾಡ ಸೈ. ನಿಮ್ಗ್ ಗೊತ್ತಿತ್ತಾ?”

ಮಾಷ್ಟ್ರು ಒಳಗೆ ನೋಡಿ ಕಾಫಿ ತರಲು ಹೇಳಿದರು. ಅಮ್ಮಣ್ಣಿ ಕಾಫಿ ಕುಡಿಯಲಿಲ್ಲ.

ಮರುದಿನವೇ ಅವಳು ಕುಂದಾಪುರಕ್ಕೆ ಹೋದಳು. ಡಾಕ್ಟರು ಬೈಂದೂರಿನಲ್ಲಿ ಎಂದರು. ಬೈಂದೂರಿಗೆ ಹೋದಳು; ರಜೆ ಎಂದರು. ಎರಡನೆಯ ಸಲ ಹೋದಾಗ ಮೀಟಿಂಗು. ಮೂರನೆಯ ಸಲ ಹೊರಟಾಗ ದರ್ಶನಕ್ಕೆ ಎರಡೇ ದಿನ ಉಳಿದಿತ್ತು, ಬಸ್ಸು ಹೆಮ್ಮಾಡಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವವರೆಗೆ ಕಾಯುವುದಾಗದೆ ಅವಳು ಹೆದ್ದಾರಿಯಲ್ಲಿ ನಡೆಯತೊಡಗಿದಳು. ಇನ್ನೊಂದು ಬಸ್ಸು ಅವಳನ್ನು ಒಂದೂವರೆ ಮೈಲಿ ಮುಂದೆ ಹತ್ತಿಸಿಕೊಂಡಿತು. ಇದರಿಂದ ಒಂದು ನಿಮಿಷವೂ ಉಳಿಯಲಿಲ್ಲ.

ಪೂಜಿತಾ ಡಾಕ್ಟರು ಮೂವತ್ತರ ಒಳಗಿನವರು, ಬ್ರಹ್ಮಾವರದವರೇ. ವರದಿಯನ್ನು ತನಗೆ ಯಾರೂ ತೋರಿಸಲೇ ಇಲ್ಲವೆಂದು ಬೇಸರಪಟ್ಟರು. ಅದನ್ನು ಕಂಡ ಮೇಲಷ್ಟೇ ತಾನು ಕೊನೆಯ ಅಭಿಪ್ರಾಯ ಬರೆಯಬೇಕಾದದ್ದು ಎಂದರು. ಮೂರೂ ಸಾಲು ಓದಿ ಕುರ್ಚಿ ಮುಂದೆಳೆದುಕೊಂಡರು.

“ರಕ್ತದಲ್ಲಿ ಇದ್ದದ್ದು ಹೌದಮ್ಮ. ಆದ್ರೆ ಅವರು ಕುಡಿದದ್ದು ಅಂತ ಅರ್ಥ ಅಲ್ಲ. ಸತ್ತ ಮೇಲೂ ಆಗ್ತದೆ.”

“ಸತ್ತ್ ಮೇಲ್ ಕುಡದ್ರಾ?”

ಡಾಕ್ಟರಿಗೆ ನಗು ಬಂತು, ತಡೆದುಕೊಂಡರು. ಬೆಳಿಗ್ಗೆ ಮರದಿಂದ ಇಳಿಸಿದ ಕಳ್ಳು ಸಿಹಿ. ಸಂಜೆಗೆ ಅದನ್ನು ಅಮಲಾಗಿಸಿದವರು ಯಾರು ಎಂದು ಕೇಳಿದರು. ಯಾರೂ ಅಲ್ಲ, ಅದರಷ್ಟಕ್ಕೆ ಆಗುತ್ತದೆ ಎಂದಳು ಅಮ್ಮಣ್ಣಿ. ಹಾಗೆಯೇ, ಜೀವ ಹೋದ ಮೇಲೆ ಕರುಳಿನ ಕ್ರಿಮಿಗಳು ರಕ್ತಕ್ಕೆ ಇಳಿಯುತ್ತವೆ, ಅಲ್ಲಿರುವ ಸಕ್ಕರೆಯನ್ನು ಹುಳಿಸುತ್ತವೆ, ಬಿಸಿಲಲ್ಲಿ ಮೂರು ದಿನವಾದರೆ ಐವತ್ತೆರಡು ದೊಡ್ಡದಲ್ಲ ಎಂದು ವಿವರಿಸಿದರು. ರಕ್ತದ ಲೆಕ್ಕವೊಂದನ್ನೇ ಹಿಡಿದರೆ ಕುಡಿದದ್ದೂ ಇರಬಹುದು, ಹುಳಿತದ್ದೂ ಇರಬಹುದು. ಅದಕ್ಕೇ ತಾನು ಕಣ್ಣಿನೊಳಗಿನ ನೀರನ್ನೂ ಸೂಜಿಯಲ್ಲಿ ತೆಗೆದು ಕಳಿಸಿದ್ದೆ ಎಂದರು. ಒಂದು ಕಣ್ಣು ಮಾತ್ರ ಉಳಿದಿತ್ತು ಎನ್ನುವಾಗ ದನಿ ತಗ್ಗಿಸಿದರು. ಕಣ್ಣು ಬಾಗಿಲು ಹಾಕಿದ ಕೋಣೆಯಂತೆ, ಕ್ರಿಮಿಗಳು ಅಲ್ಲಿಗೆ ತಡವಾಗಿ ಹೋಗುತ್ತವೆ. ಮನುಷ್ಯ ಕುಡಿದಿದ್ದರೆ ಬದುಕಿರುವಾಗಲೇ ಆಲ್ಕೊಹಾಲ್ ಅಲ್ಲಿಗೂ ಹೋಗಿರುತ್ತಿತ್ತು. ಮೂರನೆಯ ಸಾಲು ಅದರದ್ದು: ಏನೂ ಇಲ್ಲ.

ಅಮ್ಮಣ್ಣಿ ಕಾಗದದ ಮೂರನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಬೂತಾಯಿ ಮೀನೂ ಹಾಂಗೇ, ಡಾಕ್ಟ್ರಮ್ಮ,” ಎಂದಳು ಆಮೇಲೆ. “ಹೊಟ್ಟಿ ಒಡ್ದ್ ಹೋಯಿರತ್, ಕಣ್ಣ್ ಸಮ ಇರತ್.”

ಕುಡಿದೇ ಇಲ್ಲವೆಂದು ಬರೆದುಕೊಡಿ ಎಂದು ಕೇಳಿದಳು. ಅಷ್ಟು ಬರೆಯಲಾಗದು ಎಂದರು ಡಾಕ್ಟರು. ಸಾಯುವ ಹೊತ್ತಿಗೆ ಕುಡಿದಿದ್ದ ಎನ್ನುವುದಕ್ಕೆ ಆಧಾರವಿಲ್ಲ, ರಕ್ತದಲ್ಲಿ ಸಿಕ್ಕಿದ್ದು ಕೊಳೆತದ್ದರಿಂದ ಆದದ್ದು ಎಂದು ಬರೆಯಬಹುದು. ಅಮ್ಮಣ್ಣಿ ಅದನ್ನು ಬೆಲೆ ಕಟ್ಟುವವಳಂತೆ ಮನಸ್ಸಿನಲ್ಲೇ ಎತ್ತಿ ನೋಡಿ, ಸಾಕು ಎಂದಳು.

“ಕನ್ನಡದಗೇ ಬರೀನಿ. ಇಂಗ್ಲೀಷಗ್ ಬರದ್ರೆ ಅದ್ ತಿರ್ಗಿ ಮಾಷ್ಟ್ರ ಬಾಯಗೇ ಬಪ್ಪೂದ್.”

ಡಾಕ್ಟರು ಪೊಲೀಸರಿಗೆ ಇಂಗ್ಲಿಷಿನಲ್ಲೊಂದು, ಅವಳಿಗೆ ಕನ್ನಡದಲ್ಲೊಂದು ಬರೆದರು.

ದರ್ಶನ ಮಧ್ಯಾಹ್ನಕ್ಕೆ. ದೈವ ಮೈಮೇಲೆ ಬರುವ ಪಾತ್ರಿ ಅಡಿಕೆ ಹೂವಿನ ಸಿಂಗಾರ ಹಿಡಿದು ನಡುಗುತ್ತಿದ್ದ. ಗುರಿಕಾರ ವೀಳ್ಯದೆಲೆ, ಅಡಿಕೆ ಇಟ್ಟ ಹರಿವಾಣವನ್ನು ಮೊದಲೇ ತಂದಿರಿಸಿ, ಅಮ್ಮಣ್ಣಿಯ ಹೆಸರು ಕರೆದ. ಅವಳು ಮುಂದೆ ಬಂದಳು, ಕಾಣಿಕೆ ಇಡಲಿಲ್ಲ. ರತೀಶ ಡಾಕ್ಟರ ಕಾಗದವನ್ನು, ಮೂರನೆಯ ಸಾಲಿನ ಕಣ್ಣಿನ ವಿಷಯವೂ ಸೇರಿ, ಗಟ್ಟಿಯಾಗಿ ಓದಿದ. ಅವನು ನಿಲ್ಲಿಸಿದ ಮೇಲೂ ಪಾತ್ರಿಯ ಕಾಲಿನ ಗಗ್ಗರ ಗಲಗಲ ಎನ್ನುತ್ತಲೇ ಇತ್ತು. ಜನ ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿದರು.

ಗುರಿಕಾರ ಕೆಟ್ಟವನಲ್ಲ, ಬೇಗ ಮುಗಿಸುವ ಸ್ವಭಾವದವನು. “ಅಮ್ಮಣ್ಣಿ, ದೈವದ ಎದ್ರ್ ಕಾಗ್ದ ಎಂತಕ್ಕೆ? ಕುಡದ್ರೂ ಸೈ, ಕುಡೀದಿದ್ರೂ ಸೈ. ನೂರ್ ರೂಪಾಯ್ ಇಟ್ರೆ ಎಲ್ಲ ಚೊಕ್ಕ ಆತ್ತಲೆ.”

“ನೂರ್ ರೂಪಾಯ್ದ್ ಮಾತಲ್ಲ, ಗುರಿಕಾರ್ರೆ. ಆಗ್ದಿದ್ದ್ ತಪ್ಪನ್ನ ಆಯ್ತ್ ಅಂದ್ರೆ ಅದ್ ಸುಳ್ಳ್. ಇಲ್ಲ್ ನಿಂತ್ಕಂಡ್ ಸುಳ್ ಹೇಳ್ ಅಂದ್ ನೀವ್ ಹೇಳ್ತ್ರ್ಯಾ?”

ಈ ಪ್ರಶ್ನೆಗೆ ಹೌದೆನ್ನುವಂತಿಲ್ಲ. ಗುರಿಕಾರ ಬೆವರು ಒರೆಸಿಕೊಂಡ. ಮೂರನೆಯ ಸಾಲು ನಿಜಕ್ಕೂ ಇತ್ತೇ ಎಂದು ಗುಣಪಾಲ ಮಾಷ್ಟ್ರ ಕಡೆ ತಿರುಗಿ ಕೇಳಿದ. ಮಾಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

“ಇತ್ತ್,” ಎಂದರು. “ಆ ಶಬ್ದ ನಂಗ್ ಗೊತ್ತಿರ್ಲಿಲ್ಲೆ.”

ಸೂರ ಹಿಂದಿನಿಂದ ಏನೋ ಹೇಳಲು ಹೊರಟ. ಅವನ ಹೆಂಡತಿ ಅವನ ಪಂಚೆ ಜಗ್ಗಿದಳು. ಪಾತ್ರಿ ಹರಿವಾಣವನ್ನು ಸಿಂಗಾರದ ತುದಿಯಿಂದ ಪಕ್ಕಕ್ಕೆ ಸರಿಸಿದ, ರತೀಶನ ಕೈಗೆ ಗಂಧಪ್ರಸಾದ ಹಾಕಿದ, ಮುಂದಿನ ಮನೆಯವರನ್ನು ಕರೆದ.

ಆ ವರ್ಷ ಕುಷ್ಟನ ಹೆಸರಿನಲ್ಲಿ ಯಾರೂ ತಪ್ಪುಕಾಣಿಕೆ ಇಡಲಿಲ್ಲ. ಸೋಮವಾರ ರತೀಶ ದೋಣಿ ಹತ್ತಿದ.