ಬಿಸಿಲಿನ ಯಂತ್ರಕ್ಕೆ ತೆಂಗಿನ ನೆರಳೇ?

ದಂಡಿನಶಿವರದ ಸುವರ್ಣಮ್ಮನಿಗೆ ಕೆಮ್ಮು ಹತ್ತಿ ಎರಡು ವರ್ಷ. ಮಹಿಳಾ ಸಂಘದಲ್ಲಿ ಎಣ್ಣೆಗೆಂದು ತೆಂಗಿನಕಾಯಿ ಹೋಳು ಒಣಗಿಸುವ ಕೆಲಸ ಅವಳದು. ಚಿಪ್ಪು, ಮಟ್ಟೆ ಉರಿಸಿ ಆ ಹೊಗೆಯಲ್ಲೇ ದಿನವಿಡೀ ಕೂರಬೇಕು. ಇನ್ನೂ ಹೊಗೆ ಕುಡಿದರೆ ಶ್ವಾಸಕೋಶ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಅದಕ್ಕೆಂದೇ ಸಂಘದವರು ಹೋಳು ಒಣಗಿಸುವ ಹೊಸ ಸೋಲಾರ್ ಯಂತ್ರ ತರಿಸಿದರು. ಆದರೆ ತಮ್ಮ ಜಮೀನಿನಲ್ಲಿ ಅದನ್ನು ಎಲ್ಲಿಡಬೇಕೆಂದು ತೀರ್ಮಾನಿಸಿದವನು ಅವಳ ಗಂಡ ಕರಿಬಸವಯ್ಯ. ಬಟಾಬಯಲಾಗಿದ್ದ ಕಣ ಬಿಟ್ಟು, ತೋಟದ ತೆಂಗಿನ ಮರಗಳ ನಡುವೆ ನಿಲ್ಲಿಸಿಬಿಟ್ಟ. ನೆರಳಲ್ಲಿದ್ದರೆ ಬಾಳಿಕೆ ಬರುತ್ತದಂತೆ! ಎಮ್ಮೆ ಕಟ್ಟುವುದೂ ಅಲ್ಲೇ, ಬೈಕು ನಿಲ್ಲಿಸುವುದೂ ಅಲ್ಲೇ, ಇದೂ ಅಲ್ಲೇ. ತಿಂಗಳಾದರೂ ಯಂತ್ರದಿಂದ ಏನೂ ಉಪಯೋಗವಾಗಲಿಲ್ಲ.

"ದಂಡ ಕಣೇ ಇದು. ಹಳೇ ಒಲೆನೇ ಹಚ್ಚು, ಬುಡು," ಎಂದ.

ಯಂತ್ರ ನಡೆಸುವ ತರಬೇತಿ ಮುಗಿಸಿ ಆಗಷ್ಟೇ ಊರಿಗೆ ಬಂದ ಪಕ್ಕದ ಮನೆಯ ಇಂಪನಾ ನೋಡಿದವಳೇ ಹಣೆ ಚಚ್ಚಿಕೊಂಡಳು.

"ಅಯ್ಯೋ ದೊಡ್ಡಪ್ಪ! ಈ ಬಾಗಿದ ಕನ್ನಡಿಗಳು ನೇರ ಬಿಸ್ಲನ್ನ ಹಿಡಿದು ಈ ಸಣ್ಣ ಸೋಲಾರ್ ಪಟ್ಟಿ ಮೇಲೆ ಒಟ್ಟು ಮಾಡ್ತವೆ. ಪಟ್ಟಿ ಕರೆಂಟು ಕೊಡುತ್ತೆ. ಅದರ ಹಿಂದೆ ಹರಿಯೋ ನೀರು ಆ ಶಾಖಕ್ಕೆ ಕಾಯುತ್ತೆ. ಬಿಸಿನೀರಿನ ಕೊಳವೆಯಿಂದ ಹೋಳು ಇಡೋ ಪೆಟ್ಟಿಗೆ ಬಿಸಿಯಾಗುತ್ತೆ, ಕರೆಂಟಿಂದ ಫ್ಯಾನು ತಿರುಗುತ್ತೆ, ಹೊಗೆ ಇಲ್ದಂಗೆ ಹೋಳು ಒಣಗುತ್ತೆ. ನೆರಳಲ್ಲಿಟ್ರೆ ಕರೆಂಟೂ ಇಲ್ಲ, ಶಾಖಾನೂ ಇಲ್ಲ! ಕಣಕ್ಕೆ ಹಾಕ್ಸಿ."

"ಕಣ ರಾಗಿ ಬಡಿಯಕ್ಕೆ ಬೇಕಲ್ಲಮ್ಮ?"

ಸುವರ್ಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ವರ್ಸಕ್ಕೆ ಹತ್ತು ದಿನ ರಾಗಿ ಬಡಿಯಕ್ಕೆ ಜಾಗ ಬೇಕು, ನಾನು ಉಸ್ರಾಡಕ್ಕೆ ಬ್ಯಾಡ್ವಾ? ಬನ್ನಿ, ಇವತ್ತು ಒಲೆ ಮುಂದೆ ನೀವೇ ಕೂತ್ಕಳಿ!"

ಒಲೆ ಹಚ್ಚಿ ಅವನನ್ನು ಕೂರಿಸಿಯೇ ಬಿಟ್ಟಳು. ಅರ್ಧ ಗಂಟೆಯೂ ಆಗಿರಲಿಲ್ಲ, ಕಣ್ಣುಮೂಗಲ್ಲೆಲ್ಲ ನೀರು ಸುರಿಸಿಕೊಂಡು ಹೊರಗೋಡಿ ಬಂದ.

"ದಿನಾ ಇಷ್ಟು ಹೊಗೆ ಕುಡೀತಿದ್ಯೇನೇ?"

"ಎರಡು ವರ್ಸದಿಂದ ಕೆಮ್ತಿದ್ದೀನಿ ಕಣ್ರೀ. ನಿಮಗೆ ಇವತ್ತು ಕೇಳುಸ್ತಾ?"

ಕರಿಬಸವಯ್ಯ ಒಲೆಗೆ ನೀರು ಸುರಿದು ಆರಿಸಿದ. ಮರುದಿನವೇ ಮೆಕ್ಯಾನಿಕ್‌ಗಳನ್ನು ಕರೆಸಿ, ತಾನೂ ಹೆಗಲು ಕೊಟ್ಟು ಯಂತ್ರವನ್ನು ಕಣಕ್ಕೆ ಸಾಗಿಸಿದ. ಈಗ ಬೆಳಗ್ಗೆ ಕನ್ನಡಿಯ ಧೂಳು ಒರೆಸುವವನೂ ಅವನೇ. ಮೋಡ ಮುಚ್ಚಿದ ದಿನ ಯಂತ್ರ ನಡೆಯದು, ನಿಜ. ಉಳಿದ ದಿನ ಒಲೆ ಹಚ್ಚುವ ಮಾತೇ ಇಲ್ಲ.

ಅಣ್ಣಂದಿರೇ, ನಿಮ್ಮೂರಿನಲ್ಲೂ ಇಂಥ ಯಂತ್ರ ಮೂಲೆ ಸೇರಿದೆಯೇ? ಕೆಟ್ಟಿದೆ ಅನ್ನುವ ಮೊದಲು ತಲೆಯೆತ್ತಿ ನೋಡಿ, ಅದರ ಮೇಲೆ ಬಿಸಿಲು ಬೀಳುತ್ತಿದೆಯೇ ಎಂದು. ತಿಳಿದವರನ್ನು ಕೇಳಿ, ಬಯಲಿಗೆ ತನ್ನಿ. ಬಿಸಿಲು ಬೇಕಾದಷ್ಟಿದೆ. ನಿಮ್ಮ ಮನೆಯ ಹೆಂಗಸರ ಎದೆಯೇನು ಹೊಗೆಗೂಡೇ?